ಹಲ್ಲು ಕಟ್ಟಿಸುವ ಮುನ್ನ ಕುಳಿತು ಲೆಕ್ಕ ಹಾಕೋಣ

ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಯೇಸು ಗೋಪುರ ಕಟ್ಟಲು ಹೊರಟ ಮನುಷ್ಯನೊಬ್ಬನ ದೃಷ್ಟಾಂತವನ್ನು ಕೊಡುತ್ತಾರೆ. ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದವನ ಕೆಲಸವು ಅಡಿಪಾಯದಲ್ಲಿಯೇ ನಿಂತುಹೋಗಿ, ಅವನು ನೋಡುವವರ ನಗೆಗೆ ಈಡಾಗುತ್ತಾನೆ ಎಂಬುದು ಅದರ ತಾತ್ಪರ್ಯ. ಶಿಷ್ಯತ್ವದ ಬೆಲೆಯನ್ನು ಮನಗಾಣಿಸಲೆಂದು ಪ್ರಭು ಹೇಳಿದ ಈ ಮಾತು ಮನೆವಾರ್ತೆಯ ವಿವೇಕಕ್ಕೂ ಸಲ್ಲುತ್ತದೆ. ಈ ವಾರ ನಾವು ಅದನ್ನು ಅತ್ಯಂತ ಚಿಕ್ಕದೊಂದು ಗೋಪುರಕ್ಕೆ ಅನ್ವಯಿಸಲು ಬಯಸುತ್ತೇವೆ. ದವಡೆಯ ಮೂಳೆಯಲ್ಲಿ ನೆಡುವ, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಲೋಹದ ತಿರುಪು ಅದು. ದಂತವೈದ್ಯರು ಅದನ್ನು ಇಂಪ್ಲಾಂಟ್ ಎನ್ನುತ್ತಾರೆ.

ಹುಮನಾಬಾದಿನ ಕಡೆಯ ನಿವೃತ್ತ ಮಾಸ್ತರರೊಬ್ಬರು ಬಹುಕಾಲದಿಂದ ಭಾನುವಾರದ ಬಲಿಪೂಜೆಯಲ್ಲಿ ವಾಚನವನ್ನು ಓದುತ್ತಿದ್ದರು. ಕೆಳದವಡೆಯ ಹಲ್ಲುಗಳೆಲ್ಲ ಹೋದ ಮೇಲೆ ಅವರು ಹಲ್ಲಿನ ಸೆಟ್ ಹಾಕಿಸಿಕೊಂಡರು. ಒಂದು ಭಾನುವಾರ ಸಂತ ಪೌಲರ ಪತ್ರವನ್ನು ಓದುತ್ತಿರುವಾಗಲೇ ಅದು ಸಡಿಲಗೊಂಡು ಜಾರಿತು. ಮುಂದಿನ ಸಾಲಿನ ಮಕ್ಕಳು ನಕ್ಕರು. ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು ವಾಚನವನ್ನು ಮುಗಿಸಿದರು. ಮರುವಾರದಿಂದ ಕೊನೆಯ ಬೆಂಚಿನಲ್ಲಿ ಕುಳಿತರು. ಹಬ್ಬದ ಸಹಭೋಜನಕ್ಕೂ ಬರಲಿಲ್ಲ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುವುದನ್ನು ನಾಲ್ಕು ಜನ ನೋಡಬಾರದೆಂಬ ಸಂಕೋಚ ಅವರದು.

ಹೈದರಾಬಾದಿನಲ್ಲಿ ದುಡಿಯುವ ಅವರ ಮಗ ಇದನ್ನು ತಿಳಿದು ನೊಂದುಕೊಂಡನು. ನಗರದ ಒಂದು ಚಿಕಿತ್ಸಾಲಯದಲ್ಲಿ ವಿಚಾರಿಸಿದಾಗ, ಕೆಳದವಡೆಗೆ ಆರು ಇಂಪ್ಲಾಂಟುಗಳನ್ನು ನೆಟ್ಟು ಕದಲದ ಹಲ್ಲುಗಳನ್ನು ಕೂರಿಸಲು ಮೂರೂವರೆ ಲಕ್ಷ ರೂಪಾಯಿ ಎಂದು ಹೇಳಿದರು. ಹೆಂಡತಿಯ ಒಡವೆಗಳನ್ನು ಅಡವಿಡಲು ನಿಶ್ಚಯಿಸಿಯೇ ಅವನು ನಮ್ಮಲ್ಲಿಗೆ ಬಂದಿದ್ದನು. "ಫಾದರ್, ಅಪ್ಪಗ ಇಷ್ಟೂ ಮಾಡ್ಲಿಲ್ಲಂದ್ರ ನಾ ಎಂಥಾ ಮಗ?" ಎಂದನು. ಆ ಮೂರೂವರೆ ಲಕ್ಷದಲ್ಲಿ ಏನೇನು ಸೇರಿದೆ ಎಂದು ನಾವು ಕೇಳಿದೆವು. ಅವನು ಜೇಬಿನಿಂದ ಒಂದು ಚೀಟಿಯನ್ನು ತೆಗೆದನು. ಅದರ ಬೆನ್ನಿನ ಮೇಲೆ ಒಂದೇ ಒಂದು ಸಂಖ್ಯೆ ಇತ್ತು.

ಬೆಲೆಯೊಳಗೆ ಏನೇನಿದೆ?

1952ರಲ್ಲಿ ಸ್ವೀಡನ್ನಿನ ವೈದ್ಯ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಇರಿಸಿದ್ದ ಟೈಟೇನಿಯಂ ಲೋಹದ ಉಪಕರಣವೊಂದನ್ನು ಮರಳಿ ತೆಗೆಯಹೋದಾಗ ಅದು ಬರಲಿಲ್ಲ. ಮೂಳೆ ಆ ಲೋಹವನ್ನು ಅಪ್ಪಿಕೊಂಡು ಬೆಳೆದಿತ್ತು. ಈ ಆಕಸ್ಮಿಕವನ್ನೇ ಶಾಸ್ತ್ರವನ್ನಾಗಿ ಬೆಳೆಸಿ, 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಇಂತಹ ತಿರುಪುಗಳನ್ನು ನೆಟ್ಟರು. ಇಂದಿನ ಇಂಪ್ಲಾಂಟಿಗೆ ಇದೇ ಮೂಲ.

ನಾವು ಒಂದು ಹಲ್ಲು ಎಂದು ಕರೆಯುವುದರಲ್ಲಿ ಮೂರು ವಸ್ತುಗಳಿವೆ. ಮೂಳೆಯೊಳಗಿನ ತಿರುಪು ಮೊದಲನೆಯದು, ಅದರ ಮೇಲೆ ಕೂರುವ ಗೂಟ ಎರಡನೆಯದು, ಕಣ್ಣಿಗೆ ಕಾಣುವ ಕ್ಯಾಪ್ ಮೂರನೆಯದು. ಭಾರತದಲ್ಲಿ ಇವು ಮೂರೂ ಸೇರಿ ಒಂದು ಹಲ್ಲಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿಗಳವರೆಗೆ ತಗಲುತ್ತದೆ. ದೊಡ್ಡ ನಗರಗಳಲ್ಲಿ ಅದಕ್ಕೂ ಮಿಗಿಲಾಗುವುದುಂಟು. ಕಡಿಮೆ ದರದ ಜಾಹೀರಾತುಗಳು ಅನೇಕ ವೇಳೆ ತಿರುಪಿನ ಬೆಲೆಯನ್ನಷ್ಟೇ ಹೇಳುತ್ತವೆ. ಕ್ಯಾಪಿನ ಬೆಲೆ ತಿಳಿಯುವುದು ಆಮೇಲೆ.

ಇದರ ಮೇಲೆ ಸೇರುವ ಖರ್ಚುಗಳೂ ಇವೆ. ದವಡೆಯ ಸ್ಕ್ಯಾನ್, ಕೆಟ್ಟ ಹಲ್ಲನ್ನು ಕೀಳುವುದು, ಮೂಳೆ ಸವೆದಿದ್ದರೆ ಅದನ್ನು ತುಂಬಿಸುವುದು, ನಡುವಿನ ತಿಂಗಳುಗಳಿಗೆ ತಾತ್ಕಾಲಿಕ ಹಲ್ಲು ಇವೆಲ್ಲ ಬೇರೆ ಬೇರೆ ಬಾಬುಗಳು. ಹಲ್ಲು ಹೋದ ಜಾಗದಲ್ಲಿ ಮೂಳೆ ಕುಗ್ಗುತ್ತದೆ, ಮೊದಲ ವರ್ಷದಲ್ಲಿಯೇ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಹಲ್ಲು ಕೀಳಿಸುವ ದಿನವೇ ಮುಂದಿನ ದಾರಿಯನ್ನು ವೈದ್ಯರೊಡನೆ ಮಾತನಾಡಿಕೊಂಡರೆ ನಂತರದ ಖರ್ಚು ತಗ್ಗಬಹುದು. ತಿರುಪು ಮೂಳೆಯಲ್ಲಿ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ಹಲವು ಸಲ ಹೋಗಿಬರಬೇಕಾಗುತ್ತದೆ. ಬಸವಕಲ್ಯಾಣದಿಂದ ಹೈದರಾಬಾದಿಗೆ ಇಬ್ಬರು ಹೋಗಿಬರುವ ಬಸ್ ಚಾರ್ಜು, ಊಟ, ಕಳೆದುಹೋದ ದಿನದ ಕೂಲಿ ಇವೂ ಆ ಹಲ್ಲಿನ ಬೆಲೆಯೇ ಅಲ್ಲವೇ?

ಕೇಳಿ ಬರೆಸಿಕೊಳ್ಳಬೇಕಾದುದು

ಆದಕಾರಣ ಮುಂಗಡ ಕೊಡುವ ಮೊದಲೇ ಪ್ರತಿಯೊಂದು ಬಾಬನ್ನೂ ಬಿಡಿಸಿದ ಅಂದಾಜನ್ನು ಕಾಗದದ ಮೇಲೆ ಕೇಳಿ ಪಡೆಯಬೇಕು. ಕ್ಯಾಪ್ ಇದರಲ್ಲಿ ಸೇರಿದೆಯೇ? ಅದು ಲೋಹದ ಮೇಲಿನ ಪಿಂಗಾಣಿಯೋ, ಹೆಚ್ಚು ಬೆಲೆಯ ಜಿರ್ಕೋನಿಯಾವೋ? ತಿರುಪು ಮೂಳೆಗೆ ಕೂಡಿಕೊಳ್ಳದೆ ಬಿದ್ದುಹೋದರೆ ಮರಳಿ ಹಾಕುವ ಖರ್ಚು ಯಾರದು? ಅದು ಯಾವ ಕಂಪನಿಯದು? ಸ್ವಿಟ್ಜರ್ಲೆಂಡಿನಲ್ಲಿ ತಯಾರಾದುದಕ್ಕೆ ಬೆಲೆ ಹೆಚ್ಚು. ದಕ್ಷಿಣ ಕೊರಿಯಾ, ಇಸ್ರೇಲ್ ಮತ್ತು ನಮ್ಮ ದೇಶದಲ್ಲಿ ತಯಾರಾಗುವವು ಸಾಮಾನ್ಯವಾಗಿ ಅಗ್ಗ. ಯಾವುದನ್ನು ಹಾಕಿದರೂ ಡಬ್ಬಿಯ ಮೇಲಿನ ಕಂಪನಿಯ ಹೆಸರು ಮತ್ತು ಸಂಖ್ಯೆಯಿರುವ ಚೀಟಿಯನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ಹತ್ತು ವರ್ಷಗಳ ನಂತರ ಗೂಟ ಸಡಿಲಾದರೆ, ಬೇರೆ ಊರಿನ ವೈದ್ಯರಿಗೂ ಸರಿಯಾದ ಬಿಡಿಭಾಗ ತರಿಸಲು ಆ ಚೀಟಿಯೇ ಆಧಾರ.

ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಮಾಡುವ ಅಪಮಾನವಲ್ಲ. ಹೆಣ್ಣಿಗಿಂತ ಗಂಡಿಗೆ ಹಲ್ಲುಗಳು ಹೆಚ್ಚು ಎಂದು ಮಹಾತತ್ವಜ್ಞಾನಿ ಅರಿಸ್ಟಾಟಲನೇ ಬರೆದುಬಿಟ್ಟನು. ಬಾಯಿ ತೆರೆಸಿ ಎಣಿಸಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಸೆಮಿನರಿಯಲ್ಲಿ ಓದಿದ ಕಾಲದಿಂದಲೂ ಈ ಪ್ರಸಂಗ ನಮಗೊಂದು ಎಚ್ಚರಿಕೆ. ದೊಡ್ಡವರು ಹೇಳಿದರೆಂದ ಮಾತ್ರಕ್ಕೆ ಎಣಿಸುವ ಕೆಲಸ ತಪ್ಪುವುದಿಲ್ಲ.

ಬೇರೆ ದಾರಿಗಳು

ಹೋದ ಹಲ್ಲುಗಳಿಗೆಲ್ಲ ಇಂಪ್ಲಾಂಟೇ ಬೇಕೆಂಬುದಿಲ್ಲ. ಎಲ್ಲಕ್ಕಿಂತ ಹಿಂದಿನ ದವಡೆ ಹಲ್ಲೊಂದು ಹೋಗಿದ್ದು, ಉಳಿದವುಗಳಿಂದ ಅಗಿಯಲು ತೊಂದರೆಯಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡುವುದೂ ಒಪ್ಪತಕ್ಕ ಆಯ್ಕೆಯೇ. ಅಕ್ಕಪಕ್ಕದ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಸಾಕಾಗಬಹುದು. ಹಲವು ಹಲ್ಲುಗಳು ಹೋಗಿದ್ದರೆ ತೆಗೆದು ಹಾಕುವ ಸೆಟ್ ಅತ್ಯಂತ ಅಗ್ಗ. ಮೇಲ್ದವಡೆಯ ಸೆಟ್ ಅಂಗುಳನ್ನು ಹಿಡಿದು ಸಾಮಾನ್ಯವಾಗಿ ಭದ್ರವಾಗಿ ನಿಲ್ಲುತ್ತದೆ, ಜಾರುವ ತೊಂದರೆ ಹೆಚ್ಚಾಗಿ ಕೆಳಗಿನದಕ್ಕೆ. ಅದಕ್ಕೊಂದು ಮಧ್ಯಮ ಮಾರ್ಗವಿದೆ. ದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟುಗಳನ್ನು ನೆಟ್ಟು, ರವಿಕೆಯ ಟಿಚ್ ಬಟನ್ನಿನಂತೆ ಅವುಗಳ ಮೇಲೆ ಸೆಟ್ಟನ್ನು ಒತ್ತಿ ಕೂರಿಸುವುದು. 2002ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲು ಆಲೋಚಿಸಬೇಕಾದ ಚಿಕಿತ್ಸೆ ಇದೇ ಎಂದು ಸೂಚಿಸಿದರು. ಬಟನ್ನಿನ ಒಳಗಿನ ಬಳೆ ಸವೆದಾಗ ಬದಲಿಸಬೇಕು, ಅದು ಸಣ್ಣ ಖರ್ಚು.

ಇನ್ನು ಸ್ಥಳದ ವಿಚಾರ. ಬೀದರದಲ್ಲಿ ಎಸ್.ಬಿ. ಪಾಟೀಲ ದಂತ ಮಹಾವಿದ್ಯಾಲಯವಿದೆ. ಕಲಬುರಗಿಯಲ್ಲಿ ಎಚ್.ಕೆ.ಇ. ಸಂಸ್ಥೆಯ ದಂತ ಮಹಾವಿದ್ಯಾಲಯವೂ ಅಲ್-ಬದರ್ ದಂತ ಮಹಾವಿದ್ಯಾಲಯವೂ ಇವೆ. ಇಂತಹ ಬೋಧನಾ ಸಂಸ್ಥೆಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ಕೊಡುವುದರಿಂದ ದರ ಸಾಮಾನ್ಯವಾಗಿ ಕಡಿಮೆ, ಆದರೆ ಸಮಯ ಹೆಚ್ಚು ಹಿಡಿಯುತ್ತದೆ. ತಾಳ್ಮೆಯುಳ್ಳವರಿಗೆ ಅದು ಉಳಿತಾಯವೇ ಸರಿ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ-ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೂಲಕವೇ ಹಾದುಹೋಗುವುದರಿಂದ ಎರಡೂ ಊರುಗಳ ಪ್ರಯಾಣ ಸುಲಭವಾಗಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಒದಗಿಸಲು ರಾಜ್ಯ ಸರ್ಕಾರ 2014-15ರ ಸಾಲಿನಲ್ಲಿ ದಂತಭಾಗ್ಯ ಯೋಜನೆಯನ್ನು ತಂದಿತು. ಪಡಿತರ ಚೀಟಿಯೊಡನೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ, ಸದ್ಯದ ನಿಯಮಗಳಂತೆ ತಮಗೆ ಏನು ದೊರೆಯುವುದೆಂದು ವಿಚಾರಿಸುವುದರಲ್ಲಿ ನಾಚಿಕೆಯೇನೂ ಇಲ್ಲ.

ದುಬಾರಿಯಾಗುವ ಅಗ್ಗ

ಸಂತೆಯ ಬದಿಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹಲ್ಲು ಅಂಟಿಸಿಕೊಡುವವರ ಬಳಿಗೆ ಮಾತ್ರ ಯಾರೂ ಹೋಗಬಾರದು. ಅಲ್ಲಿ ಅಂಟಿದ ಹಲ್ಲು ಪಕ್ಕದ ಒಳ್ಳೆಯ ಹಲ್ಲನ್ನೂ ವಸಡನ್ನೂ ಕೆಡಿಸುತ್ತದೆ. ವೈದ್ಯರ ಹೆಸರು ರಾಜ್ಯ ದಂತವೈದ್ಯ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳುವುದು ನಮ್ಮ ಹಕ್ಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಬೀಡಿ ಸಿಗರೇಟು ಬಿಡದವರಿಗೂ ಇಂಪ್ಲಾಂಟ್ ವಿಫಲವಾಗುವ ಅಪಾಯ ಹೆಚ್ಚು. ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ನೆಟ್ಟ ಹಲ್ಲಿಗೆ ಹುಳುಕಿಲ್ಲ, ಆದರೆ ಅದರ ಸುತ್ತಲಿನ ವಸಡಿಗೆ ರೋಗವುಂಟು. ದಿನವೂ ಶುಚಿಗೊಳಿಸದವರಿಗೆ ಲಕ್ಷ ರೂಪಾಯಿಯ ಹಲ್ಲೂ ನಿಲ್ಲದು.

ಎಲ್ಲಕ್ಕಿಂತ ಅಗ್ಗದ ಹಲ್ಲೆಂದರೆ ದೇವರು ಕೊಟ್ಟ ಹಲ್ಲೇ. ನೋಯುವ ಹಲ್ಲನ್ನು ಕಿತ್ತು ಹಾಕಿಸಿ ನಂತರ ಇಂಪ್ಲಾಂಟ್ ಹಾಕಿಸುವುದಕ್ಕಿಂತ, ಉಳಿಯುವಂತಿದ್ದರೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವುದು ಸಾಮಾನ್ಯವಾಗಿ ಕಡಿಮೆ ಖರ್ಚಿನದು. ಜಪಾನ್ ದೇಶವು ಎಂಬತ್ತರ ವಯಸ್ಸಿನಲ್ಲಿಯೂ ಇಪ್ಪತ್ತು ಸ್ವಂತ ಹಲ್ಲುಗಳು ಉಳಿಯಲಿ ಎಂಬ ಆಂದೋಲನವನ್ನು 1989ರಲ್ಲಿಯೇ ಆರಂಭಿಸಿತು. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾ, ಮಿಶ್ರಿಗಳಿಗೆ ದಿನವೂ ಚೆಲ್ಲುವ ಚಿಲ್ಲರೆ ಹಣದಿಂದಲೇ ಮುಂದಿನ ದೊಡ್ಡ ಖರ್ಚು ಮೊದಲಾಗುತ್ತದೆ.

ಮಗನ ಪ್ರಶ್ನೆಗೆ ಉತ್ತರ

ಆ ಮಗನ ಪ್ರಶ್ನೆ ಹಣದ್ದಾಗಿರಲಿಲ್ಲ, ಕರ್ತವ್ಯದ್ದಾಗಿತ್ತು. ಧರ್ಮಸಭೆಯ ಚಿಂತಕರು ಇದನ್ನು ಬಹಳ ಹಿಂದೆಯೇ ವಿಚಾರ ಮಾಡಿದ್ದಾರೆ. ಕೋಳಿಯ ಮಾಂಸದಂತಹ ದುಬಾರಿ ಆಹಾರವನ್ನುಂಡರೆ ಆಯುಷ್ಯ ಹೆಚ್ಚುವುದೆಂದು ವೈದ್ಯರು ಹೇಳಿದರೂ ಅದನ್ನೇ ಕೊಂಡು ಉಣ್ಣಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ, ಜನಸಾಮಾನ್ಯರ ಆಹಾರವನ್ನುಂಡರೆ ಕರ್ತವ್ಯ ಪೂರೈಸಿದಂತೆಯೇ ಎಂದು ಹದಿನಾರನೆಯ ಶತಮಾನದ ಡೊಮಿನಿಕನ್ ಗುರು ಫ್ರಾನ್ಸಿಸ್ಕೋ ದೆ ವಿತೋರಿಯಾ ವಾದಿಸಿದರು. ದೇಹವು ದೇವರ ದಾನವಾದುದರಿಂದ ಅದನ್ನು ಕಾಪಾಡಬೇಕು. ಆದರೆ ಎಲ್ಲಕ್ಕಿಂತ ದುಬಾರಿಯಾದ ಸಾಧನದಿಂದಲೇ ಕಾಪಾಡಬೇಕೆಂಬ ಕಟ್ಟಳೆಯಿಲ್ಲ. ತಂದೆ ಅಗಿದು ಉಣ್ಣಬೇಕು, ತಲೆಯೆತ್ತಿ ಮಾತನಾಡಬೇಕು ಎಂಬುದು ಗುರಿ. ಮಗನ ಪ್ರೀತಿಯನ್ನು ಬಿಲ್ಲಿನ ಮೊತ್ತದಿಂದ ಅಳೆಯಲಾಗದು. ಕಾಯಕದ ಮಹಿಮೆಯನ್ನು ಸಾರಿದ ಬಸವಣ್ಣನವರ ಈ ಕಲ್ಯಾಣದ ನೆಲದಲ್ಲಿ, ದುಡಿದ ಹಣಕ್ಕೂ ಒಂದು ಗೌರವವಿದೆ ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಒಡವೆಗಳು ಪೆಟ್ಟಿಗೆಯಲ್ಲಿಯೇ ಉಳಿದವು. ಮಗ ತಂದೆಯನ್ನು ಬೋಧನಾ ಸಂಸ್ಥೆಯೊಂದಕ್ಕೆ ಕರೆದೊಯ್ದನು. ಅಲ್ಲಿ ಎರಡು ಇಂಪ್ಲಾಂಟುಗಳ ಮೇಲೆ ಒತ್ತಿ ಕೂರಿಸುವ ಸೆಟ್ಟನ್ನು ಮಾಡಿಕೊಟ್ಟರು. ಹೋಗಿಬರುವ ಖರ್ಚೂ ಸೇರಿ ಮೊದಲು ಹೇಳಿದ್ದ ಮೊತ್ತದ ಮೂರನೆಯ ಒಂದು ಭಾಗವೂ ಆಗಲಿಲ್ಲ. ಐದು ತಿಂಗಳು ಹಿಡಿಯಿತು, ಅಷ್ಟೆ.

ಫೆಬ್ರವರಿ 9 ಸಂತ ಅಪೊಲೋನಿಯಾರ ಸ್ಮರಣೆಯ ದಿನ. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ವಿಶ್ವಾಸಕ್ಕಾಗಿ ಹಲ್ಲುಗಳನ್ನು ಮುರಿಸಿಕೊಂಡು ಪ್ರಾಣವಿತ್ತ ಈ ವೃದ್ಧ ಕನ್ಯೆಯನ್ನು ಹಲ್ಲುನೋವಿನವರು ಪಾಲಕಿಯೆಂದು ಪ್ರಾರ್ಥಿಸುತ್ತಾರೆ. ಆ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ದಂತ ತಪಾಸಣಾ ಶಿಬಿರವನ್ನು ಏಕೆ ಏರ್ಪಡಿಸಬಾರದು? ಕೊನೆಯ ಬೆಂಚಿನಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ಕುಳಿತವರನ್ನು ಗುರುತಿಸಿ, ಅವರೊಡನೆ ಆಸ್ಪತ್ರೆಯವರೆಗೆ ಹೋಗಿಬರಲು ಒಬ್ಬ ಯುವಕ ಸಿದ್ಧನಾದರೂ ಅದು ದೊಡ್ಡ ನೆರವು.

ತಪಸ್ಸುಕಾಲದ ಮೊದಲ ಭಾನುವಾರ ಮಾಸ್ತರರು ಮತ್ತೆ ವಾಚನಪೀಠಕ್ಕೆ ಬಂದರು. ಓದಲು ಆರಂಭಿಸುವ ಮುನ್ನ ಅಭ್ಯಾಸಬಲದಿಂದ ಅವರ ಕೈ ಬಾಯಿಯತ್ತ ಹೋಯಿತು. ಕ್ಷಣಕಾಲ ಅಲ್ಲಿಯೇ ನಿಂತು, ಮತ್ತೆ ಪುಸ್ತಕದ ಮೇಲೆ ಇಳಿಯಿತು. ವಾಚನ ಕೊನೆಯ ಬೆಂಚಿನವರೆಗೂ ಸ್ಪಷ್ಟವಾಗಿ ಕೇಳಿಸಿತು.