ಗಂಟು ಹಾಕಿದ ಕೈ ಯಾರದು?

ನೆಲಮಂಗಲದಲ್ಲಾಗಲಿ ಹೊಸಕೋಟೆಯಲ್ಲಾಗಲಿ, ಸರ್ಕಾರಿ ಕೆಲಸಕ್ಕೆಂದು ಅಲೆಯುವ ರೈತನ ಬಾಯಲ್ಲಿ ‘ಕೆಂಪುಪಟ್ಟಿ’ ಎಂಬ ಮಾತು ಬರುವುದು ಅಪರೂಪ. ‘ಅಲೆದೂ ಅಲೆದೂ ಚಪ್ಪಲಿ ಸವೀತು’ ಎನ್ನುತ್ತಾನೆ. ‘ಇವತ್ತು ಬಾ, ನಾಳೆ ಬಾ ಅಂತಾರೆ’ ಎನ್ನುತ್ತಾನೆ. ಅದೇ ಸಂಕಟ ಪತ್ರಿಕೆಯ ತಲೆಬರಹಕ್ಕೋ ಸದನದ ಚರ್ಚೆಗೋ ಏರಿದಾಗ ‘ಕೆಂಪುಪಟ್ಟಿ ಧೋರಣೆ’ ಎನಿಸಿಕೊಳ್ಳುತ್ತದೆ. ಒಂದೇ ವಿಷಯಕ್ಕೆ ಎರಡು ಹೆಸರು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ‘ಅಂತಾರೆ’ ಎಂದೊಡನೆ ‘ಯಾರು?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ‘ಕೆಂಪುಪಟ್ಟಿಯಿಂದ ವಿಳಂಬ’ ಎಂದಾಗ ಆ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷಿನಿಂದ ಬಂದ ಈ ನುಡಿಗಟ್ಟು ಕನ್ನಡದಲ್ಲಿ ತಪ್ಪಿತಸ್ಥರಿಗೆ ಒಳ್ಳೆಯ ಮರೆಯಾಗಿದೆ.

ಇಂಗ್ಲಿಷಿನ ‘ರೆಡ್ ಟೇಪ್’ ಮೊದಲು ಬೈಗುಳವಾಗಿರಲಿಲ್ಲ. ಅಲ್ಲಿನ ವಕೀಲರೂ ಸರ್ಕಾರಿ ಗುಮಾಸ್ತರೂ ಕಾಗದದ ಕಟ್ಟುಗಳನ್ನು ಬಿಗಿಯುತ್ತಿದ್ದುದು ಕೆಂಪು ಬಣ್ಣದ ನೂಲಿನ ಪಟ್ಟಿಯಿಂದ. 17ನೇ ಶತಮಾನದ ಹೊತ್ತಿಗೇ ಇದು ಬಳಕೆಯಲ್ಲಿತ್ತು. ಹಾಳೆ ಹಾರಿಹೋಗದಿರಲಿ, ಒಬ್ಬರ ದಾಖಲೆ ಇನ್ನೊಬ್ಬರದರಲ್ಲಿ ಬೆರೆಯದಿರಲಿ ಎಂಬುದಷ್ಟೇ ಅದರ ಉದ್ದೇಶ. 19ನೇ ಶತಮಾನದಲ್ಲಿ ಈ ಮಾತನ್ನು ಚುಚ್ಚುನುಡಿಯಾಗಿ ಜನಪ್ರಿಯಗೊಳಿಸಿದವರಲ್ಲಿ ಥಾಮಸ್ ಕಾರ್ಲೈಲ್ ಮತ್ತು ಚಾರ್ಲ್ಸ್ ಡಿಕನ್ಸ್ ಪ್ರಮುಖರು. ಡಿಕನ್ಸ್ ಹರೆಯದಲ್ಲಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಆಮೇಲೆ ಪಾರ್ಲಿಮೆಂಟಿನ ವರದಿಗಾರನಾಗಿದ್ದವನು. 1855ರಿಂದ 1857ರವರೆಗೆ ಕಂತುಗಳಲ್ಲಿ ಬಂದ ‘ಲಿಟ್ಲ್ ಡಾರಿಟ್’ ಕಾದಂಬರಿಯಲ್ಲಿ, ಕೆಲಸ ಮಾಡದಿರುವುದನ್ನೇ ಕಲೆಯಾಗಿಸಿಕೊಂಡ ಕಚೇರಿಯೊಂದನ್ನು ಅವನು ಕಟ್ಟಿದ. ಆದರೆ ಆ ಕಚೇರಿಯಲ್ಲಿ ಬರೀ ಕಾಗದದ ಕಟ್ಟುಗಳಿರಲಿಲ್ಲ. ಬಾರ್ನಕಲ್ ಎಂಬ ಮನೆತನವನ್ನೇ ಅಲ್ಲಿ ಕೂರಿಸಿದ. ಬಾರ್ನಕಲ್ ಎಂದರೆ ಹಡಗಿನ ತಳಕ್ಕೆ ಕಚ್ಚಿಕೊಂಡರೆ ಬಿಡದ ಚಿಪ್ಪಿನ ಜೀವಿ. ಪಟ್ಟಿಯ ಹಿಂದೆ ಮನುಷ್ಯರಿದ್ದಾರೆ ಎಂಬುದನ್ನು ಅವನು ಮರೆತಿರಲಿಲ್ಲ.

ಕನ್ನಡಕ್ಕೆ ಬರುವಾಗ ಆ ಮನುಷ್ಯರು ಕಾಣೆಯಾದರು. ಪದವೂ ನಮ್ಮಲ್ಲಿ ಸರಿಯಾಗಿ ಕೂರಲಿಲ್ಲ. ಮತದಾರರ ಪಟ್ಟಿ, ಬೆಲೆಪಟ್ಟಿ, ಆಯ್ಕೆ ಪಟ್ಟಿ ಎಂದು ದಿನವೂ ಓದುವ ಕನ್ನಡಿಗನಿಗೆ ಪಟ್ಟಿ ಎಂದರೆ ಮೊದಲು ಹೊಳೆಯುವುದು ಹೆಸರುಗಳ ಯಾದಿ. ಅಳಿವಿನಂಚಿನ ಪ್ರಾಣಿಗಳ ಯಾದಿಗೂ ನಾವು ‘ಕೆಂಪು ಪಟ್ಟಿ’ ಎಂದೇ ಬರೆಯುತ್ತೇವೆ. ಕಟ್ಟುವ ದಾರ ಅಥವಾ ಲಾಡಿಯ ಚಿತ್ರ ಕಣ್ಣಿಗೆ ಕಟ್ಟುವುದೇ ಇಲ್ಲ. ಹಾಗೆಂದು ದಾಖಲೆಯ ಸಂಸ್ಕೃತಿ ನಮಗೆ ಹೊರಗಿನದಲ್ಲ. ಇಂದು ಫೈಲಿಗೆ ನಾವು ಬಳಸುವ ‘ಕಡತ’ ಒಂದು ಕಾಲಕ್ಕೆ ಬಟ್ಟೆಯಾಗಿತ್ತು. ಉದ್ದನೆಯ ಹತ್ತಿ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ಅದರ ನಂಬಿಕೆ ನಿಂತಿದ್ದದ್ದು ಬಟ್ಟೆಯ ಮೇಲಲ್ಲ, ಬಳಪ ಹಿಡಿದವನ ಮೇಲೆ.

ದೋಷ ವಸ್ತುವಿನಲ್ಲಿದೆಯೋ ಕೈಯಲ್ಲಿದೆಯೋ ಎಂಬುದನ್ನು ಪರೀಕ್ಷಿಸಲು ಕರ್ನಾಟಕಕ್ಕೆ ಒಂದು ಅವಕಾಶವೂ ಸಿಕ್ಕಿತು. ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗ್ರಾಮಲೆಕ್ಕಿಗರ ಪುಸ್ತಕದಿಂದ ಕಂಪ್ಯೂಟರಿಗೆ ತಂದಿತು. 15 ರೂಪಾಯಿಗೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ಪ್ರತಿ ಸಿಗತೊಡಗಿತು. ಅದರ ನಿಜವಾದ ಬಲ ಇದ್ದದ್ದು ಯಂತ್ರದಲ್ಲಲ್ಲ, ಎರಡು ಕಟ್ಟುಪಾಡುಗಳಲ್ಲಿ: ಮೊದಲು ಬಂದ ಅರ್ಜಿಯೇ ಮೊದಲು ಇತ್ಯರ್ಥವಾಗಬೇಕು; ನೌಕರ ತನ್ನ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನ ದಾಖಲೆಗಳ ಒಳಹೋಗಬೇಕು. ಯಾರು, ಯಾವಾಗ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ಇನ್ನು ಜಮೀನು ಪಾಲು ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತಿನಂಥ ಕೆಲಸಗಳಿಗೆ ಭೂಮಾಪಕರೇ ಹೊಲಕ್ಕೆ ಬರಬೇಕು. ಅಲ್ಲಿ ಕಂಪ್ಯೂಟರು ಬಂದ ಮಾತ್ರಕ್ಕೆ ಕಾಯುವುದು ತಪ್ಪುವುದಿಲ್ಲ.

ನುಡಿಗಟ್ಟಿಗೆ ಮೂಲದ ಹಂಗೇಕೆ ಎಂದು ಯಾರಾದರೂ ಕೇಳಬಹುದು. ಮೆಟ್ರಿಕ್ ಪದ್ಧತಿ ಬಂದು ಸೇರು ಹೋಗಿ ದಶಕಗಳಾದರೂ ‘ಸೇರಿಗೆ ಸವ್ವಾಸೇರು’ ಉಳಿದಿಲ್ಲವೇ? ಉಳಿದಿದೆ, ನಿಜ. ಆದರೆ ಆ ಮಾತಿನಲ್ಲಿ ಸೆಣಸುವ ಇಬ್ಬರೂ ಎದುರಿಗೇ ನಿಂತಿದ್ದಾರೆ. ‘ಕಡತ ಕೊಳೆಯುತ್ತಿದೆ’ ಎಂಬುದು ಅಚ್ಚಗನ್ನಡವೇ ಅಲ್ಲವೇ, ಅಲ್ಲೆಲ್ಲಿ ಕರ್ತೃ ಇದ್ದಾನೆ ಎಂದರೆ, ಆ ಆಕ್ಷೇಪ ಒಪ್ಪತಕ್ಕದ್ದೇ. ಅದೂ ಕೆಂಪುಪಟ್ಟಿಯ ದಾಯಾದಿ. ಕಚೇರಿಯ ಒಳಗಿನಿಂದ ಹೊರಟ ಮಾತಿಗೂ ಹೊರಗೆ ಕಾದವನ ಮಾತಿಗೂ ಇರುವ ಅಂತರ ಅದು. ಇಂಗ್ಲಿಷ್, ಕನ್ನಡ ಎಂಬ ಭೇದವಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ತಡವೆಲ್ಲವೂ ಕೇಡೇ? ಎರಡು ರಾಷ್ಟ್ರೀಯ ಹೆದ್ದಾರಿಗಳು ಬೇರ್ಪಡುವ ನೆಲಮಂಗಲದಲ್ಲಿ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ, ಬೆಂಗಳೂರು ಹತ್ತಿರವಾದಷ್ಟೂ ನೆಲದ ಬೆಲೆ ಏರಿದೆ. ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡಕೂಡದು ಎಂದು 1978ರ ಕಾಯ್ದೆ ಹೇಳುತ್ತದೆ. ಖಾತೆ ಬದಲಾಗುವ ಮುನ್ನ ತಕರಾರಿಗೆ ಅವಕಾಶ ಕೊಡುವ ನೋಟಿಸೂ ಇದೆ. ಅವಸರದಲ್ಲಿರುವ ಖರೀದಿದಾರನಿಗೆ ಇವು ಕೆಂಪುಪಟ್ಟಿ. ಆ ಕುಟುಂಬಕ್ಕೆ ಹೊಲದ ಬೇಲಿ. ಈ ಆಕ್ಷೇಪ ನಮ್ಮ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಬಡವನನ್ನು ಕಾಯುವ ನಿಯಮಕ್ಕೂ ಅವನನ್ನು ಕಾಯಿಸುವ ಉದಾಸೀನಕ್ಕೂ ಒಂದೇ ಹೆಸರಿಟ್ಟರೆ, ಎರಡನೆಯದನ್ನು ತೊಲಗಿಸುವ ನೆಪದಲ್ಲಿ ಮೊದಲನೆಯದನ್ನೂ ಕಿತ್ತೆಸೆಯಬಹುದು.

ಈ ವ್ಯತ್ಯಾಸವನ್ನು ಅರಿತ ಕಾನೂನು ನಮ್ಮಲ್ಲೇ ಇದೆ. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಕಾಯ್ದೆಯು ಇದ್ದ ನಿಯಮಗಳನ್ನು ರದ್ದು ಮಾಡಲಿಲ್ಲ; ತನ್ನ ವ್ಯಾಪ್ತಿಯ ಪ್ರತಿ ಸೇವೆಗೂ ಗಡುವು ಇಟ್ಟಿತು, ಹೊಣೆಗಾರ ಅಧಿಕಾರಿ ಯಾರೆಂದು ಗೊತ್ತುಮಾಡಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಅದರ ಭಾರ ತಪ್ಪಿತಸ್ಥ ಅಧಿಕಾರಿಯದು. ಮೊತ್ತ ಸಣ್ಣದು, ಆದರೆ ತಡಕ್ಕೆ ಒಬ್ಬ ವಾರಸುದಾರನನ್ನು ತೋರಿಸುತ್ತದೆ. ಆದ್ದರಿಂದ ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆಯಿರುವ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. ಕೆಲಸ ಕೆಂಪುಪಟ್ಟಿಯಲ್ಲಿ ಸಿಕ್ಕಿಕೊಂಡಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ, ಯಾರ ಮೇಜಿನ ಮೇಲೆ, ಯಾವ ತಾರೀಖಿನಿಂದ ಎಂದು ಕೇಳಿ.