ಥಿಯೇಟರ್ ರಸ್ತೆಯ ಪ್ರಧಾನಿ, ಸಿಐಟಿ ರಸ್ತೆಯ ಸಂಸಾರ

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಿಂದ ದಕ್ಷಿಣಕ್ಕೆ ತುಸು ನಡೆದರೆ ಶೇಕ್ಸ್‌ಪಿಯರ್ ಸರಣಿ. ಹಳಬರ ಬಾಯಲ್ಲಿ ಅದು ಇಂದಿಗೂ ಥಿಯೇಟರ್ ರಸ್ತೆ. ಅಲ್ಲಿನ 8ನೇ ನಂಬರಿನ ಬಂಗಲೆ ಈಗ ಶ್ರೀ ಅರವಿಂದ ಭವನ. 1971ರಲ್ಲಿ ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರ ನಡೆದದ್ದು ಇದೇ ಕಟ್ಟಡದಿಂದ. ಅದರ ಪ್ರಧಾನಿ ತಾಜುದ್ದೀನ್ ಅಹ್ಮದ್ ಸ್ವತಃ ಮನೆಮಠ ಬಿಟ್ಟು ಬಂದವರು.

ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದ ಮೇಲೆರಗಿದಾಗ ಅವರು ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಹೊರಟರು. ಕೆಲವೇ ದಿನಗಳಲ್ಲಿ ಗಡಿ ದಾಟಿದರು. ಏಪ್ರಿಲ್ 17ರಂದು ಮೆಹೆರ್‌ಪುರದ ಮಾವಿನ ತೋಪಿನಲ್ಲಿ ಸರ್ಕಾರದ ಪ್ರಮಾಣವಚನವಾಯಿತು. ಇತ್ತ ಪತ್ನಿ ಜೊಹ್ರಾ ಮೂವರು ಹೆಣ್ಣುಮಕ್ಕಳನ್ನೂ ವರ್ಷ ತುಂಬಿದ್ದ ಗಂಡುಮಗುವನ್ನೂ ಕಟ್ಟಿಕೊಂಡು, ಕಂಡವರ ಮನೆಗಳಲ್ಲಿ ತಲೆಮರೆಸಿಕೊಳ್ಳುತ್ತ ಕೊನೆಗೂ ಭಾರತ ಸೇರಿದರು.

ಅವರಿಗೆ ನೆಲೆ ಸಿಕ್ಕಿದ್ದು ಪಾರ್ಕ್ ಸರ್ಕಸ್ ಕಡೆಯ ಸಿಐಟಿ ರಸ್ತೆಯ ಫ್ಲ್ಯಾಟಿನಲ್ಲಿ. ಆದರೆ ತಾಜುದ್ದೀನ್ ಅಲ್ಲಿ ವಾಸಕ್ಕೆ ಹೋಗಲಿಲ್ಲ.

ದೇಶ ಬಿಡುಗಡೆಯಾಗುವ ತನಕ ಸಂಸಾರದೊಡನೆ ಇರುವುದಿಲ್ಲ ಎಂದು ಅವರು ಪಣ ತೊಟ್ಟಿದ್ದರು. ರಣರಂಗದಲ್ಲಿರುವ ಹುಡುಗರಿಗೆ ಇಲ್ಲದ ಮನೆಯ ಸುಖ ತನಗೂ ಬೇಡವೆಂಬುದು ಅವರ ನಿಲುವು. ಕಚೇರಿಯ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದರು, ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಆ ವರ್ಷ ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದಿದ್ದರು. ಕೋಲ್ಕತ್ತದ ಅಂಚಿನಲ್ಲಿ ಸಿಮೆಂಟ್ ಪೈಪುಗಳೊಳಗೇ ಒಲೆ ಹೂಡಿದ್ದವರಿದ್ದರು. ಆ ಜನರ ಮುಂದೆ ಪ್ರಧಾನಿ ತನ್ನ ಸಂಸಾರಕ್ಕೆ ವಿನಾಯಿತಿ ಕೊಟ್ಟುಕೊಳ್ಳಲಿಲ್ಲ. ಈ ಪಣದ ಭಾರ ಹೊತ್ತವರಲ್ಲಿ ಜೊಹ್ರಾ ಮತ್ತು ಮಕ್ಕಳೂ ಇದ್ದಾರೆ. ಯುದ್ಧದ ಚರಿತ್ರೆಯಲ್ಲಿ ಅವರ ಹೆಸರಿಗೂ ಜಾಗ ಸಲ್ಲಬೇಕು.

ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆ ಶರಣಾಯಿತು. 22ರಂದು ಸರ್ಕಾರ ಢಾಕಾಕ್ಕೆ ಮರಳಿತು. ಆಮೇಲೆ ಕುಟುಂಬ ಒಂದೇ ಸೂರಿನಡಿ ಬಾಳಿದ್ದು ನಾಲ್ಕು ವರ್ಷವೂ ಇಲ್ಲ. 1975ರ ಆಗಸ್ಟ್‌ನಲ್ಲಿ ದೇಶದ ಅಧ್ಯಕ್ಷ ಶೇಖ್ ಮುಜೀಬರ ಹತ್ಯೆಯಾಯಿತು, ತಾಜುದ್ದೀನ್ ಬಂಧನಕ್ಕೊಳಗಾದರು. ನವೆಂಬರ್ 3ರಂದು ಢಾಕಾ ಸೆರೆಮನೆಯಲ್ಲಿ ಅವರನ್ನೂ ಇನ್ನೂ ಮೂವರು ನಾಯಕರನ್ನೂ ಗುಂಡಿಟ್ಟು ಕೊಂದರು.

ಜೊಹ್ರಾ ಮನೆಯೊಳಗೆ ಉಳಿಯಲಿಲ್ಲ. ಗಂಡನ ಪಕ್ಷ ಅವಾಮಿ ಲೀಗ್ ಚದುರಿಹೋಗಿತ್ತು; 1977ರಲ್ಲಿ ಅದರ ಸಂಚಾಲಕಿಯಾಗಿ ಪಕ್ಷವನ್ನು ಮತ್ತೆ ಕಟ್ಟಿದರು. 2013ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಹಿರಿಯ ಮಗಳು ಶರ್ಮಿನ್ ಅಹ್ಮದ್ ತಂದೆಯ ಕುರಿತು ಬಂಗಾಳಿಯಲ್ಲಿ ಬರೆದ ‘ತಾಜುದ್ದೀನ್ ಅಹ್ಮದ್: ನೇತಾ ಓ ಪಿತಾ’ ಪ್ರಕಟವಾಯಿತು. 1971ರ ಮಾರ್ಚ್ 25ರ ರಾತ್ರಿ ಮುಜೀಬರ ಮನೆಯಲ್ಲಿ ಏನು ನಡೆಯಿತೆಂಬ ಅದರ ವಿವರಣೆ ಬಾಂಗ್ಲಾದೇಶದಲ್ಲಿ ಬಿಸಿ ಚರ್ಚೆ ಎಬ್ಬಿಸಿತು.