ತಂತಿಬೇಲಿಯ ಎರಡು ಕಡೆ

2008ರಲ್ಲಿ ತೆರೆಕಂಡ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪಜಾಮಾಸ್’ ಚಿತ್ರವನ್ನು ನಮ್ಮಲ್ಲಿ ಅನೇಕರು ಮಕ್ಕಳೊಂದಿಗೆ ನೋಡಿರಬಹುದು. ಐರ್ಲೆಂಡಿನ ಲೇಖಕ ಜಾನ್ ಬಾಯ್ನ್ ಅವರ 2006ರ ಕಾದಂಬರಿಯನ್ನು ಆಧರಿಸಿ ಮಾರ್ಕ್ ಹರ್ಮನ್ ಇದನ್ನು ನಿರ್ದೇಶಿಸಿದ್ದಾರೆ. ಎಂಟು ವರ್ಷದ ಬ್ರೂನೋ ನಾಜಿ ಅಧಿಕಾರಿಯ ಮಗ. ಅಪ್ಪನಿಗೆ ಬಡ್ತಿ ಸಿಕ್ಕಿ, ಸಂಸಾರ ಬರ್ಲಿನ್ ಬಿಟ್ಟು ಯಹೂದಿಗಳ ಸೆರೆಶಿಬಿರದ ಬಳಿಯ ಮನೆಗೆ ಬರುತ್ತದೆ. ಕಿಟಕಿಯಿಂದ ಕಾಣುವುದು ಹೊಲ, ಅಲ್ಲಿರುವವರು ಪೈಜಾಮ ತೊಟ್ಟ ರೈತರು ಎಂದೇ ಹುಡುಗ ತಿಳಿಯುತ್ತಾನೆ. ಬೇಲಿಯಾಚೆ ಅವನದೇ ವಯಸ್ಸಿನ ಶ್ಮೂಲ್ ಸಿಗುತ್ತಾನೆ. ತಂತಿಯ ಎರಡು ಕಡೆ ಕುಳಿತು ಇಬ್ಬರೂ ಆಟವಾಡುತ್ತಾರೆ.

ವೈದ್ಯನಾದ ನನ್ನ ಮನಸ್ಸಿನಲ್ಲಿ ಉಳಿದವನು ಪಾವೆಲ್. ಆ ಮನೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ ಕೈದಿ. ಉಯ್ಯಾಲೆಯಿಂದ ಬಿದ್ದ ಬ್ರೂನೋನ ಗಾಯಕ್ಕೆ ಪಟ್ಟಿ ಕಟ್ಟಿದ ಅವನು, ಹಿಂದೆ ತಾನು ಡಾಕ್ಟರಾಗಿ ಪ್ರಾಕ್ಟೀಸ್ ಮಾಡುತ್ತಿದ್ದೆ ಎನ್ನುತ್ತಾನೆ. ಪ್ರಾಕ್ಟೀಸ್ ಮಾಡಬೇಕಾಗಿತ್ತೆಂದರೆ ನೀನು ಅಷ್ಟೇನೂ ಒಳ್ಳೆಯ ಡಾಕ್ಟರಲ್ಲ ಎಂಬುದು ಹುಡುಗನ ತರ್ಕ. ನಗು ಬರುತ್ತದೆ, ಕೂಡಲೇ ಗಂಟಲು ಕಟ್ಟುತ್ತದೆ. ಈ ಮುಗ್ಧತೆ ದೊಡ್ಡವರ ಸುಳ್ಳಿನ ನೆರಳಲ್ಲಿ ಬೆಳೆದದ್ದು.

ಆದರೆ ಚಿತ್ರದ ಹೃದಯ ಇನ್ನೊಂದು ದೃಶ್ಯದಲ್ಲಿದೆ. ಗಾಜಿನ ಲೋಟ ಒರೆಸಲು ಶ್ಮೂಲ್‌ನನ್ನು ಮನೆಗೆ ಕರೆತಂದಿರುತ್ತಾರೆ. ಬ್ರೂನೋ ಅವನಿಗೆ ತಿನ್ನಲು ಕೊಡುತ್ತಾನೆ. ಸೈನಿಕ ಅಧಿಕಾರಿ ಗದರಿದಾಗ, ಇವನನ್ನು ನಾನು ಕಂಡೇ ಇಲ್ಲ ಎಂದುಬಿಡುತ್ತಾನೆ. ಮುಂದೆ ಶ್ಮೂಲ್ ಬೇಲಿಯ ಬಳಿ ಕಾಣಿಸಿಕೊಂಡಾಗ ಅವನ ಕಣ್ಣು ಊದಿಕೊಂಡಿರುತ್ತದೆ. ಬ್ರೂನೋ ಕ್ಷಮೆ ಕೇಳುತ್ತಾನೆ, ಶ್ಮೂಲ್ ತಂತಿಯ ಕೆಳಗಿನಿಂದ ಕೈ ಚಾಚುತ್ತಾನೆ.

ನಮ್ಮೂರಿನಲ್ಲಿ ನನಗೂ ಗೋಲಿ ಆಡುವ ಗೆಳೆಯನೊಬ್ಬನಿದ್ದ. ಜಾತಿಯ ಕಾರಣಕ್ಕೆ ಅವನು ನಮ್ಮ ಜಗಲಿ ಹತ್ತುವಂತಿರಲಿಲ್ಲ. ಒಂದು ದಿನ ಹತ್ತಿ ಕುಳಿತಾಗ, ಯಾರು ಕರೆದದ್ದು ಎಂದು ಹಿರಿಯರು ಗದರಿದರು. ನಾನಲ್ಲ ಎಂದೆ. ಕರೆದವನು ನಾನೇ. ಇದನ್ನು ಹಾಲೊಕಾಸ್ಟಿಗೆ ಹೋಲಿಸುತ್ತಿಲ್ಲ. ಆದರೆ ಬ್ರೂನೋನ ಸುಳ್ಳು ನನಗೆ ಚೆನ್ನಾಗಿ ಗೊತ್ತು. ಅವನು ಕ್ಷಮೆ ಕೇಳಿದ, ನಾನು ಕೇಳಲಿಲ್ಲ.

ಇದು ಕಟ್ಟುಕಥೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಆಶ್ವಿಟ್ಸ್‌ಗೆ ಬಂದ ಆ ವಯಸ್ಸಿನ ಯಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ಕೂಡಲೇ ಗ್ಯಾಸ್ ಕೋಣೆಗೆ ಕಳಿಸುತ್ತಿದ್ದರು. ರೈಲು ಇಳಿದವರಲ್ಲಿ ಯಾರು ದುಡಿಯಬೇಕು, ಯಾರು ಸಾಯಬೇಕು ಎಂದು ಆರಿಸುತ್ತಿದ್ದವರು ವೈದ್ಯಕೀಯ ಓದಿದ ಡಾಕ್ಟರುಗಳು. ಕೊಲೆಯಾದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಅಂದಿನ ಜರ್ಮನ್ ಶಾಲೆಗಳು ಯಹೂದಿ ದ್ವೇಷವನ್ನು ಪಾಠವಾಗಿ ಕಲಿಸುತ್ತಿದ್ದುದರಿಂದ ಬ್ರೂನೋನಷ್ಟು ಏನೂ ಅರಿಯದ ಹುಡುಗ ಇರುವುದೂ ಕಷ್ಟ. ಈ ಇತಿಹಾಸವನ್ನು ಕಲಿಯುವವರು, ಕಲಿಸುವವರು ಆ ಕಾದಂಬರಿಯನ್ನು ಬಿಡುವುದು ಒಳಿತೆಂದು ಆಶ್ವಿಟ್ಸ್ ಸ್ಮಾರಕ ಸಂಗ್ರಹಾಲಯವೇ 2020ರಲ್ಲಿ ಹೇಳಿತು.

ಹಾಗಾದರೆ ಚಿತ್ರ ನೋಡಬಾರದೇ? ನೋಡಬಹುದು, ಆದರೆ ಅಲ್ಲಿಗೇ ನಿಲ್ಲಿಸಬಾರದು. ಪಿಜಿ-13 ಚಿತ್ರವಾದ್ದರಿಂದ ಚಿಕ್ಕ ಮಕ್ಕಳಿಗೆ ಬೇಡ. 2019ರ ಕಾನೂನಿನಂತೆ ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಜನವರಿಯಲ್ಲಿ ಹಾಲೊಕಾಸ್ಟ್ ಸ್ಮರಣೆಯ ವಾರವಿದೆ. ರಿಚರ್ಡ್‌ಸನ್‌ನಿಂದ ಡಾರ್ಟ್ ರೈಲಿನಲ್ಲಿ ವೆಸ್ಟ್ ಎಂಡ್‌ಗೆ ಹೋದರೆ ಡಲ್ಲಾಸ್ ಹಾಲೊಕಾಸ್ಟ್ ಮತ್ತು ಮಾನವ ಹಕ್ಕುಗಳ ಸಂಗ್ರಹಾಲಯ ಹತ್ತಿರ, ಹ್ಯೂಸ್ಟನ್‌ನಲ್ಲಿಯೂ ಇಂಥದೊಂದಿದೆ. ಅಲ್ಲಿ ಬದುಕುಳಿದವರ ಮಾತು ಕೇಳಿ ಬರುವಾಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಬ್ರೂನೋ ಏಕೆ ಸುಳ್ಳು ಹೇಳಿದ? ಉತ್ತರಕ್ಕೆ ಅವಸರಪಡಿಸಬೇಡಿ. ನಿಮ್ಮದೂ ಅಂಥದೊಂದು ಸುಳ್ಳಿದ್ದರೆ ಮೊದಲು ನೀವೇ ಹೇಳಿ.